ಮೂಗಿನ ಮೂಳೆ ಸುತ್ತಿಗೆಯಲ್ಲಿ ಒಡೀತಾರಂತೆ, ಹೌದಾ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 26 ವರ್ಷ, ಮನೆ ಡೊಂಬಿವಲಿಯಲ್ಲಿ, ಕೆಲಸ ಪರೇಲ್‌ನಲ್ಲಿ. ನನ್ನ ಮೂಗಿನ ಮಧ್ಯ ಒಂದು ಉಬ್ಬು ಇದೆ, ಮೂಗು ಸ್ವಲ್ಪ ಎಡಕ್ಕೆ ವಾಲಿದೆ ಕೂಡ, ಎಡಗಡೆ ಹೊಳ್ಳೆ ಯಾವಾಗ್ಲೂ ಕಟ್ಟಿಕೊಂಡಿರತ್ತೆ. ಇಲ್ಲೊಬ್ರು ಡಾಕ್ಟರ್ ನೋಡಿ ಎರಡೂ ಕಡೆ ಮೂಳೆ ಬ್ರೇಕ್ ಮಾಡಿ ಸೆಟ್ ಮಾಡ್ಬೇಕು ಅಂದ್ರು. ಅಮ್ಮ ಅವತ್ತಿಂದ ಸರಿಯಾಗಿ ಊಟ ಮಾಡ್ತಿಲ್ಲ. ಇನ್ನೊಂದು ಕ್ಲಿನಿಕ್‌ನವರು ಮೂಳೆ ಮುಟ್ಟೋದೇ ಇಲ್ಲ, ಹಾಗೇ ಸರಿ ಮಾಡ್ತೀವಿ ಅಂತಾರೆ. ಯಾರನ್ನ ನಂಬೋದು? ಒಡೆದ ಮೂಳೆ ಮತ್ತೆ ಕೂಡತ್ತಾ? ನಾನು ಕನ್ನಡಕ ಹಾಕ್ತೀನಿ. ಡಿಸೆಂಬರ್ ಕೊನೇಲಿ ಮದುವೆ, ಈಗ ಜುಲೈ. ಹುಡುಗನ ಕಡೆಯವರು ಏನೂ ಅಂದಿಲ್ಲ, ಆಸೆ ನನ್ನದೇ.

ಉತ್ತರ: ಅಮ್ಮ ಹೆದರಿದ್ದು ತಪ್ಪಲ್ಲಮ್ಮ, ತಪ್ಪು ನಮ್ಮದು, ಅಂದ್ರೆ ಡಾಕ್ಟರುಗಳದ್ದು. ಓಪಿಡಿ ಹೊರಗೆ ಮೂವತ್ತು ಜನ ಕಾಯ್ತಿರ್ತಾರೆ, ನಾವು "ಬೋನ್ ಬ್ರೇಕ್ ಮಾಡಿ ಸೆಟ್ ಮಾಡ್ತೀವಿ" ಅಂತ ಒಂದೇ ಉಸಿರಲ್ಲಿ ಹೇಳಿ ಮುಂದಿನವರನ್ನ ಕರೆದುಬಿಡ್ತೀವಿ, ಕೇಳಿದವರ ಕಣ್ಣಮುಂದೆ ಮಾತ್ರ ದೇವಸ್ಥಾನದಲ್ಲಿ ತೆಂಗಿನಕಾಯಿ ಈಡುಗಾಯಿ ಹಾಕೋ ಚಿತ್ರ ಬರತ್ತೆ. ಅಲ್ಲಿ ನಡೆಯೋದು ಅದಲ್ಲ. ಬಡಗಿ ಉಳಿ ಹಿಡ್ಕೊಂಡು ಗೆರೆ ಎಳೆದ ಜಾಗದಲ್ಲಿ ಮಾತ್ರ ಕೊಯ್ತಾನಲ್ಲ, ಅದಕ್ಕೆ ಹತ್ತಿರ. ನಿಮ್ಮನ್ನ ಕಣ್ಣಾರೆ ನೋಡದೆ ನಿಮ್ಮ ಮೂಗಿಗೆ ಇದೇ ಸರಿ ಅಂತ ನಾನು ಹೇಳೋ ಹಾಗಿಲ್ಲ, ಆದ್ರೆ ಮೂಳೆಗೆ ಏನು ಮಾಡ್ತಾರೆ, ಯಾಕೆ ಮಾಡ್ತಾರೆ ಅಂತ ಬಿಡಿಸಿ ಹೇಳ್ತೀನಿ, ಅಮ್ಮನಿಗೂ ಓದಿ ಹೇಳಿ.

ಈಗ ಒಂದು ಕೆಲಸ ಮಾಡಿ. ಕನ್ನಡಕ ತೆಗೆದಿಡಿ. ಹೆಬ್ಬೆರಳು ತೋರುಬೆರಳಲ್ಲಿ ಮೂಗಿನ ಬುಡ ಹಿಡೀರಿ, ಎರಡು ಕಣ್ಣಿನ ನಡುವೆ ಇರೋ ಜಾಗ. ಅಲ್ಲಾಡಿಸಿದ್ರೆ ಅಲ್ಲಾಡಲ್ಲ. ಹಾಗೇ ಬೆರಳು ಜಾರಿಸ್ತಾ ಕೆಳಗೆ ಬನ್ನಿ, ಕನ್ನಡಕದ ಪ್ಯಾಡ್ ಕೂರೋ ಜಾಗ ದಾಟಿ ಸ್ವಲ್ಪ ಕೆಳಗೆ ಬಂದ್ರೆ ಗಟ್ಟಿ ಮುಗಿದು ಮೂಗು ಬಗ್ಗೋಕೆ ಶುರುವಾಗತ್ತೆ. ಮೂಳೆ ಅಲ್ಲಿಗೆ ಖತಂ. ಮೂಗಲ್ಲಿ ಮೇಲಿನ ಮೂರರಲ್ಲೊಂದು ಪಾಲು ಮಾತ್ರ ಮೂಳೆ, ಉಳಿದದ್ದೆಲ್ಲ ಕಾರ್ಟಿಲೇಜ್, ಕಿವಿಯಲ್ಲಿ ಮಡಚಿದ್ರೂ ವಾಪಸ್ ನಿಲ್ಲತ್ತಲ್ಲ ಆ ಜಾತಿದು. ಮೂಗಿನ ಮೂಳೆ ಅಂದ್ರೆ ಎಡಕ್ಕೊಂದು ಬಲಕ್ಕೊಂದು ಎರಡು ಪುಟ್ಟ ಹಲಗೆ, ಹಣೆ ಹತ್ತಿರ ದಪ್ಪ, ಕೆಳಗೆ ಬರ್ತಾ ಬರ್ತಾ ತೆಳ್ಳಗಾಗತ್ತೆ, ಕ್ರಿಕೆಟ್ ಬಾಲ್ ಬಿದ್ದಾಗ ಸಾಮಾನ್ಯವಾಗಿ ಮುರಿಯೋದು ಆ ತೆಳ್ಳಗಿನ ಕೆಳಭಾಗವೇ. ನನ್ನದೂ ಹಾಗೇ ಮುರಿದದ್ದು, ಎಂಬಿಬಿಎಸ್ ಎರಡನೇ ವರ್ಷ, ಹಾಸ್ಟೆಲ್ ಗ್ರೌಂಡಲ್ಲಿ, ಎರಡು ವಾರದೊಳಗೆ ಕೂರಿಸಿಕೊಂಡಿದ್ರೆ ಅಲ್ಲಿಗೇ ಮುಗೀತಿತ್ತು, ಪರೀಕ್ಷೆ ಇದೆ ಅಂತ ಬಿಟ್ಟೆ, ಇವತ್ತಿಗೂ ಸೊಟ್ಟ. ಪೇಷಂಟುಗಳು ಮೊದಲು ನನ್ನ ಮೂಗು ನೋಡ್ತಾರೆ, ಆಮೇಲೆ ನನ್ನ ಡಿಗ್ರಿ ನೋಡ್ತಾರೆ.

ನಿಮ್ಮ ಉಬ್ಬು ಇರೋದು ಸರಿಯಾಗಿ ಆ ಗಡಿ ಮೇಲೆ, ಮೂಳೆ ಮುಗಿದು ಕಾರ್ಟಿಲೇಜ್ ಶುರುವಾಗೋ ಕಡೆ. ಮುಟ್ಟಿದ್ರೆ ಕಲ್ಲಿನ ಥರ ಇರೋದ್ರಿಂದ ಪೂರ್ತಿ ಮೂಳೆ ಅಂತ ಎಲ್ರೂ ಅಂದ್ಕೋತಾರೆ, ಆದ್ರೆ ಒಳಗೆ ಹೋಗಿ ನೋಡಿದ್ರೆ ಎಷ್ಟೋ ಸಲ ಮೇಲೊಂದು ತೆಳು ಮೂಳೆ ಟೋಪಿ ಅಷ್ಟೇ, ಉಬ್ಬಿನ ದೊಡ್ಡ ಪಾಲು ಕಾರ್ಟಿಲೇಜ್ ಆಗಿರತ್ತೆ. ಆ ಟೋಪಿ ಸಣ್ಣದಾದ್ರೆ ಅರದಲ್ಲಿ ಉಜ್ಜಿ ತೆಗೀತೀವಿ, ಕಬ್ಬಿಣ ಕೆಲಸದವರ ಹತ್ರ ಇರೋ ಅರದ್ದೇ ಸಣ್ಣ ತಮ್ಮ. ದೊಡ್ಡದಾದ್ರೆ ಚಪ್ಪಟೆ ಉಳಿಯಲ್ಲಿ ಸೀಳಿ ತೆಗೀತೀವಿ. ಇಲ್ಲಿವರೆಗೆ ಯಾವ ಮೂಳೇನೂ "ಮುರಿದಿಲ್ಲ".

ಮುರಿಯೋ ಪ್ರಸಂಗ ಇದರ ನಂತರ ಬರತ್ತೆ, ಯಾಕೆ ಬರತ್ತೆ ಅನ್ನೋದೇ ಮುಖ್ಯ. ಊರಲ್ಲಿ ಹೆಂಚಿನ ಮನೆ ನೋಡಿರ್ತೀರಲ್ಲ, ಎರಡು ಇಳಿಜಾರು ಮೇಲೆ ಕೂಡೋ ಕಡೆ ನೆತ್ತಿಯಲ್ಲಿ ಸಾಲಾಗಿ ಹೆಂಚು ಕೂರಿಸಿರ್ತಾರೆ. ಆ ನೆತ್ತಿ ಹೆಂಚಿನ ಸಾಲು ಪೂರ್ತಿ ಕಿತ್ತು ತೆಗೆದ್ರೆ ಏನಾಗತ್ತೆ, ಮಧ್ಯ ಉದ್ದಕ್ಕೆ ಬಾಯಿ ಬಿಟ್ಟ ಹಾಗಾಗತ್ತೆ. ಮೂಗಲ್ಲೂ ಅದೇ. ಉಬ್ಬು ತೆಗೆದ ಮೇಲೆ ನೆತ್ತಿ ಚಪ್ಪಟೆಯಾಗಿ ಮೂಗು ಎದುರಿಂದ ನೋಡಿದ್ರೆ ಮೊದಲಿಗಿಂತ ಅಗಲ ಕಾಣತ್ತೆ, ಬೆರಳಿಟ್ಟರೆ ಎರಡು ಏಣು ತಗಲತ್ತೆ, ಇದನ್ನ ನಾವು ಓಪನ್ ರೂಫ್ ಅಂತಾನೇ ಕರೀತೀವಿ. ಮಾಡು ಮುಚ್ಚಬೇಕು ಅಂದ್ರೆ ಎರಡೂ ಕಡೆ ಗೋಡೆ ಒಳಗೆ ಸರಿಸಬೇಕು, ಗೋಡೆ ಸರಿಯಬೇಕು ಅಂದ್ರೆ ಬುಡದಲ್ಲಿ ಬಿಡಿಸಬೇಕು. ಆ ಬಿಡಿಸೋದಕ್ಕೆ ಆಸ್ಟಿಯಾಟಮಿ ಅಂತ ಹೆಸರು, ನಿಮ್ಮ ಡಾಕ್ಟರ್ ಬಾಯಲ್ಲಿ ಬ್ರೇಕ್.

ಇನ್ನೊಂದು ತಮಾಷೆ, ಪಕ್ಕದಲ್ಲಿ ಕೊಯ್ಯೋ ಆ ಗೆರೆ ಬಹುಪಾಲು ಹೋಗೋದು ಮೂಗಿನ ಮೂಳೆ ಮೇಲೆ ಅಲ್ಲವೇ ಅಲ್ಲ. ಮೇಲ್ದವಡೆ ಮೂಳೆಯಿಂದ ಒಂದು ಕವಲು ಮೂಗಿನ ಪಕ್ಕಕ್ಕೆ ಹತ್ತಿಕೊಂಡು ಬಂದಿರತ್ತೆ, ಕೆನ್ನೆ ಮೂಗಿಗೆ ಸೇರೋ ಮಡಿಕೆ ಹತ್ರ, ಗೆರೆ ಅಲ್ಲಿ. ಯಾಕೆ ಅಷ್ಟು ಕೆಳಗೆ ಅಂದ್ರೆ ಮೇಲೆ ಮಧ್ಯದಲ್ಲಿ ಕೊಯ್ದರೆ ಮೆಟ್ಟಿಲಿನ ಹಾಗೆ ಒಂದು ಅಂಚು ಚರ್ಮದಡಿ ಕಾಣತ್ತೆ, ಜೀವನಪೂರ್ತಿ ಬೆರಳಿಗೆ ಸಿಗತ್ತೆ. ಕೊಯ್ಯೋ ಉಳಿ ಅಗಲ ಎಷ್ಟು ಗೊತ್ತಾ, 2 ಮಿಲಿಮೀಟರ್, ಕೆಲವರು 3 ಬಳಸ್ತಾರೆ. ಮೂಗಿನ ಒಳಗಿಂದ ಹೋಗಬಹುದು, ಇಲ್ಲಾಂದ್ರೆ ಚರ್ಮದ ಮೇಲೆ ಒಂದು ಸಣ್ಣ ಚುಕ್ಕಿಯಷ್ಟು ತೂತು ಮಾಡಿ ಅಂಚೆ ಸ್ಟ್ಯಾಂಪಿನ ತೂತಿನ ಸಾಲಿನ ಹಾಗೆ ಅಲ್ಲಲ್ಲಿ ಚುಚ್ಚಿ ಆಮೇಲೆ ಬೆರಳಲ್ಲಿ ಮೆಲ್ಲಗೆ ಒತ್ತೋದು. ಸ್ಟ್ಯಾಂಪ್ ಹರಿಯೋ ಹಾಗೆ ಆ ಸಾಲಲ್ಲೇ ಬಿಡಿಸಿಕೊಳ್ಳತ್ತೆ. ಮೇಲಿನ ತುದಿ, ಹಣೆ ಕಡೆದು, ಎಷ್ಟೋ ಸಲ ಪೂರ್ತಿ ಕೊಯ್ಯೋದೇ ಇಲ್ಲ, ಹಸಿ ಕಡ್ಡಿ ಬಗ್ಗಿಸಿದ ಹಾಗೆ ಅರ್ಧ ಹಿಡ್ಕೊಂಡೇ ಇರ್ಲಿ ಅಂತ ಬಿಡ್ತೀವಿ, ಹಾಗಿದ್ರೆ ಮೂಳೆ ಒಳಗೆ ಕುಸಿಯಲ್ಲ. ಕೆಳಗೆ ಹೊಳ್ಳೆ ಬಾಯಿ ಹತ್ರಾನೂ ಒಂದು ಸಣ್ಣ ತ್ರಿಕೋನ ಮೂಳೆ ಮುಟ್ಟದೆ ಉಳಿಸ್ತೀವಿ, ಅದೂ ಒಳಗೆ ಸರಿದ್ರೆ ಉಸಿರಾಟದ ದಾರಿ ಇಕ್ಕಟ್ಟಾಗತ್ತೆ ಅಂತ.

ಸುತ್ತಿಗೆ ಇರೋದು ನಿಜ, ಸುಳ್ಳು ಹೇಳಲ್ಲ. ಅಸಿಸ್ಟೆಂಟ್ ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ, ನನ್ನ ಬಲಗೈಯಲ್ಲಿ ಉಳಿ, ಎಡಗೈ ಬೆರಳು ಚರ್ಮದ ಮೇಲೆ ಉಳಿ ತುದಿ ಎಲ್ಲಿದೆ ಅಂತ ಮುಟ್ಟಿ ನೋಡ್ತಾ ಇರತ್ತೆ, ಟಕ್ ಟಕ್, ಟಕ್ ಟಕ್, ಎರಡೆರಡೇ ಏಟು. ತೆಳು ಮೂಳೆಯಲ್ಲಿ ಹೋಗೋವಾಗ ಒಂದು ಸದ್ದು, ಮೇಲೆ ಹಣೆ ಮೂಳೆಯ ದಪ್ಪ ಸಿಕ್ಕ ತಕ್ಷಣ ಸದ್ದು ಬದಲಾಗತ್ತೆ, ಗೋಡೆಗೆ ಮೊಳೆ ಹೊಡೆಯೋವಾಗ ಗಾರೆ ಮುಗಿದು ಇಟ್ಟಿಗೆ ಸಿಕ್ಕಿದ್ದು ಕಿವಿಗೇ ಗೊತ್ತಾಗತ್ತಲ್ಲ ಹಾಗೆ. ಅಲ್ಲಿಗೆ ನಿಲ್ಲಿಸ್ಬೇಕು. ಈ ಕೆಲಸ ಕಣ್ಣಿಗಿಂತ ಜಾಸ್ತಿ ಕಿವಿ ಮತ್ತು ಬೆರಳಲ್ಲಿ ಕಲೀಬೇಕಾದದ್ದು. ನೀವು ಪೂರ್ತಿ ಅನೆಸ್ತೇಶಿಯಾದಲ್ಲಿ ಮಲಗಿರ್ತೀರಿ, ಏನೂ ಗೊತ್ತಾಗಲ್ಲ. ಎದ್ದ ಮೇಲೂ ಬಹಳ ಜನ ಹೇಳೋದು ನೋವಿನ ಬಗ್ಗೆ ಅಲ್ಲ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡಿ ಗಂಟಲು ಒಣಗಿದ್ದರ ಬಗ್ಗೆ.

ಇತ್ತೀಚೆಗೆ ಪೀಜೋ ಅಂತ ಒಂದು ಯಂತ್ರ ಬಂದಿದೆ, ಕಿವಿಗೆ ಕೇಳಿಸದಷ್ಟು ವೇಗದ ಕಂಪನದಲ್ಲಿ ಮೂಳೆ ಮಾತ್ರ ಕೊಯ್ಯತ್ತೆ, ಪಕ್ಕದ ರಕ್ತನಾಳ ಚರ್ಮಕ್ಕೆ ಅಷ್ಟಾಗಿ ಏನೂ ಮಾಡಲ್ಲ, ಹಲ್ಲು ದವಡೆ ಡಾಕ್ಟರುಗಳ ಕಡೆಯಿಂದ ನಮ್ಮ ಕಡೆ ಬಂದದ್ದು. ಗೆರೆ ನೀಟಾಗಿ ಬರತ್ತೆ, ಮೊದಲ ವಾರದ ನೀಲಿ ಕಲೆ ಕಮ್ಮಿ ಇರತ್ತೆ. ಆದ್ರೆ ಚರ್ಮ ಜಾಸ್ತಿ ಅಗಲಕ್ಕೆ ಎಬ್ಬಿಸ್ಬೇಕು, ಬಿಲ್ಲೂ ಏರತ್ತೆ. ಯಂತ್ರ ನೋಡಿ ಡಾಕ್ಟರ್ ಆರಿಸ್ಬೇಡಿ, ಉಳಿ ಸುತ್ತಿಗೆಯಲ್ಲಿ ಚೆನ್ನಾಗಿ ಮಾಡೋರು ಪೀಜೋದಲ್ಲೂ ಚೆನ್ನಾಗಿ ಮಾಡ್ತಾರೆ, ಉಲ್ಟಾ ಹೇಳೋಕಾಗಲ್ಲ.

ಅಮ್ಮನಿಗೆ ಬೇಕಾದ್ರೆ ಒಂದು ಹಳೇ ಕಥೆ ಹೇಳಿ, ಇದು ನಮ್ಮ ಪಕ್ಕದ ಪುಣೆಯದ್ದೇ. 1792ರ ಯುದ್ಧದ ಕಾಲದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೀತಿದ್ದ ಕವಾಸ್ಜಿ ಅನ್ನೋನು ಟಿಪ್ಪು ಸುಲ್ತಾನನ ಕಡೆಯವರ ಕೈಗೆ ಸಿಕ್ಕಿ ಮೂಗು ಮತ್ತು ಒಂದು ಕೈ ಕಳ್ಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದು ಆಮೇಲೆ ಪುಣೆ ಹತ್ರ ಇಟ್ಟಿಗೆ ಮಾಡೋ ಜಾತಿಯ ಒಬ್ಬ ಕಸುಬುದಾರ ಅವನ ಹಣೆ ಚರ್ಮ ತಿರುಗಿಸಿ ಹೊಸ ಮೂಗು ಕೂರಿಸಿದ, ಬಾಂಬೆ ಕಡೆಯ ಇಬ್ಬರು ಇಂಗ್ಲಿಷ್ ಡಾಕ್ಟರುಗಳು ನಿಂತು ನೋಡಿದ್ರು, 1794ರ ಅಕ್ಟೋಬರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು, ಅದನ್ನ ಓದಿದ ಕಾರ್ಪ್ಯೂ ಅನ್ನೋ ಸರ್ಜನ್ 1814ರಲ್ಲಿ ಲಂಡನ್ನಲ್ಲೂ ಮಾಡಿದ. ಅದು ಹೋದ ಮೂಗು ಕೊಡೋ ಆಪರೇಷನ್, ಅದರಲ್ಲಿ ಮೂಳೆ ಕೊಯ್ಯೋ ಮಾತಿರ್ಲಿಲ್ಲ. ಇರೋ ಮೂಗಿನ ಮೂಳೆ ತಿದ್ದಿ ಚಿಕ್ಕದು ಮಾಡೋದಕ್ಕೆ ಒಂದು ಶಿಸ್ತು ತಂದವನು ಬರ್ಲಿನ್ನಿನ ಜಾಕ್ ಜೋಸೆಫ್, ಮೊದಲನೇದು ಮಾಡಿದ್ದು 1898ರಲ್ಲಿ, ಮತ್ತೆ ಅವನು ಕಲ್ತದ್ದು ಏನು ಅಂದ್ರೆ ಮೂಳೆ ಡಾಕ್ಟರಿಕೆ! ಅವನು ಉಳಿ ಅಲ್ಲ, ಸಣ್ಣ ಗರಗಸ ಬಳಸ್ತಿದ್ದ. ಗರಗಸಕ್ಕಿಂತ ನಮ್ಮ 2 ಮಿಲಿಮೀಟರ್ ಉಳಿ ವಾಸಿ ಅಂತ ಅಮ್ಮ ಒಪ್ಪಬಹುದು.

ಈಗ ಮೂಳೆ ಮುಟ್ಟಲ್ಲ ಅಂದ ಕ್ಲಿನಿಕ್. ಅವರ ಮಾತಿಗೆ ಮೂರು ಅರ್ಥ ಇರಬಹುದು. ನಿಮ್ಮ ಉಬ್ಬು ಅಷ್ಟು ಸಣ್ಣದು, ಅರದಲ್ಲಿ ಎರಡು ಸಲ ಉಜ್ಜಿದ್ರೆ ಸಾಕು, ಮಾಡು ತೆರೆಯೋದೇ ಇಲ್ಲ ಅಂತ ಇರಬಹುದು, ಅದು ಆಗೋ ಮಾತೇ. ಇಲ್ಲಾಂದ್ರೆ ಪ್ರಿಸರ್ವೇಶನ್ ಬಗ್ಗೆ ಹೇಳ್ತಿರಬಹುದು, ಅಂದ್ರೆ ನೆತ್ತಿ ಹೆಂಚು ಕೀಳದೆ ಕೆಳಗಿನ ಕಂಬದಲ್ಲಿ, ಅಂದ್ರೆ ಎರಡು ಹೊಳ್ಳೆ ನಡುವಿನ ನಡುಗೋಡೆಯಲ್ಲಿ, ಒಂದು ಪಟ್ಟಿ ಕತ್ತರಿಸಿ ಇಡೀ ಮಾಡನ್ನೇ ಕೆಳಗೆ ಇಳಿಸೋದು, ನೂರು ವರ್ಷಕ್ಕಿಂತ ಹಳೇ ಐಡಿಯಾ, ಈಗ ಮತ್ತೆ ಫ್ಯಾಶನ್ ಆಗಿದೆ, ಒಳ್ಳೇದೇ, ಮೂಗಿನ ಬೆನ್ನು ತನ್ನ ಸಹಜ ಆಕಾರದಲ್ಲೇ ಉಳಿಯತ್ತೆ. ಆದ್ರೆ ಅದರಲ್ಲೂ ಪಕ್ಕದ ಮೂಳೆ ಕೊಯ್ಲೇಬೇಕು, ಗೋಡೆ ಕೊಯ್ಯದೆ ಮಾಡು ಇಳಿಯತ್ತಾ! ಮೂರನೇದು ಫಿಲ್ಲರ್ ಇಂಜೆಕ್ಷನ್, ಉಬ್ಬಿನ ಮೇಲೆ ಕೆಳಗೆ ತುಂಬಿಸಿ ಪಕ್ಕದಿಂದ ನೋಡಿದ್ರೆ ಗೆರೆ ನೇರ ಕಾಣೋ ಹಾಗೆ ಮಾಡೋದು. ಮೂಗು ಚಿಕ್ಕದಾಗಲ್ಲ, ನಿಜ ಹೇಳ್ಬೇಕು ಅಂದ್ರೆ ಸ್ವಲ್ಪ ದೊಡ್ಡದೇ ಆಗತ್ತೆ, ಉಸಿರು ಕಟ್ಟೋದಕ್ಕೆ ಏನೂ ಉಪಯೋಗ ಇಲ್ಲ, ಒಂದಷ್ಟು ತಿಂಗಳಲ್ಲಿ ಕರಗತ್ತೆ. ಇಂಜೆಕ್ಷನ್ ಅಂತ ಹಗುರ ತಗೋಬೇಡಿ, ಮೂಗಿನ ಸುತ್ತ ರಕ್ತನಾಳಗಳಿಗೂ ಕಣ್ಣಿನ ರಕ್ತನಾಳಗಳಿಗೂ ಸಂಪರ್ಕ ಇದೆ, ಫಿಲ್ಲರ್ ನಾಳದೊಳಗೆ ಹೋದ್ರೆ ಚರ್ಮ ಸಾಯಬಹುದು, ಕಣ್ಣು ಹೋಗಬಹುದು, ಅಪರೂಪ ಆದ್ರೂ ಆಗತ್ತೆ. ಪಾರ್ಲರಿನಲ್ಲಿ ಅಂತೂ ಬೇಡವೇ ಬೇಡ. ನೀವು ಹೇಳಿದ ಹಾಗೆ ಮೂಗು ಎಡಕ್ಕೆ ವಾಲಿದ್ರೆ, ಆ ವಾಲಿದ್ದು ಮೂಳೆಯಿಂದಾನೇ ಆಗಿದ್ರೆ, ಮೂಳೆ ಬಿಡಿಸದೆ ನೇರ ಮಾಡೋದು ಹೇಗೆ ಅಂತ ಅವರನ್ನೇ ಕೇಳಿ, ಉತ್ತರ ಕೇಳೋಕೆ ನನಗೂ ಆಸೆ.

ನಿಮ್ಮ ಚಿಂತೆ ಎಲ್ಲ ಮೂಳೆ ಮೇಲಿದೆ, ನನ್ನ ಚಿಂತೆ ಅದರ ಕೆಳಗಿನ ಕಾರ್ಟಿಲೇಜ್ ಮೇಲೆ. ಯಾಕೆ ಅಂತ ನನ್ನದೇ ತಪ್ಪಿಂದ ಹೇಳ್ತೀನಿ. ಸ್ವಂತ ಕೇಸು ಮಾಡೋಕೆ ಶುರು ಮಾಡಿದ ಹೊಸದರಲ್ಲಿ ನಿಮ್ಮಷ್ಟೇ ವಯಸ್ಸಿನ ಒಬ್ಬರಿಗೆ ಉಬ್ಬು ತೆಗೆದೆ, ಸ್ವಲ್ಪ ಧಾರಾಳವಾಗೇ ತೆಗೆದೆ, ಮೂಳೆ ಎರಡೂ ಕಡೆ ನೀಟಾಗಿ ಒಳಗೆ ಸರಿಸಿದೆ, ಪ್ಲಾಸ್ಟರ್ ತೆಗೆದ ದಿನ ಅವರೂ ಖುಷಿ ನಾನೂ ಖುಷಿ. ಒಂದು ವರ್ಷದ ಮೇಲೆ ಊತ ಪೂರ್ತಿ ಇಳಿದು ಚರ್ಮ ಅಂಟಿಕೊಂಡಾಗ ಓಪಿಡಿ ಟ್ಯೂಬ್‌ಲೈಟ್ ಕೆಳಗೆ ನೋಡ್ತೀನಿ, ಮೂಳೆ ಮುಗಿಯೋ ಗಡಿಯಲ್ಲಿ ತಲೆಕೆಳಗಾದ ವಿ ಆಕಾರದ ನೆರಳು. ಮೂಳೆ ಕೂರಿಸಿದ ಜಾಗದಲ್ಲೇ ಇತ್ತು, ಅದರ ಕೆಳಗಿನ ಕಾರ್ಟಿಲೇಜ್ ಆಧಾರ ಇಲ್ಲದೆ ಒಳಗೆ ಬಿದ್ದಿತ್ತು. ಅವರು ಒಂದು ಮಾತೂ ಅನ್ಲಿಲ್ಲ, ಜೊತೆಗೆ ಬಂದ ಅಕ್ಕ ಮಾತ್ರ "ಫೋಟೋದಲ್ಲಿ ಮೂಗು ಮುರಿದ ಹಾಗೆ ಕಾಣತ್ತೆ ಡಾಕ್ಟ್ರೇ, ಮತ್ತೆ ರಾತ್ರಿ ಉಸಿರಾಟಾನೂ ಸರಿಯಿಲ್ಲ" ಅಂದ್ರು. ಎರಡನೇ ಸಲ ಟೇಬಲ್ ಮೇಲೆ ಮಲಗಿಸಿ ನಡುಗೋಡೆಯಿಂದ ಕಾರ್ಟಿಲೇಜ್ ಪಟ್ಟಿ ತೆಗೆದು ಎರಡೂ ಪಕ್ಕ ಆಧಾರ ಕೊಟ್ಟ ಮೇಲೆ ಸರಿ ಆಯ್ತು, ಸ್ಪ್ರೆಡರ್ ಗ್ರಾಫ್ಟ್ ಅಂತಾರೆ ಅದಕ್ಕೆ. ಆವತ್ತಿಂದ ಮೂಳೆ ಗೆರೆ ಎಳೆಯೋ ಮುಂಚೆ ಮಧ್ಯದ ಕಾರ್ಟಿಲೇಜ್ ಲೆಕ್ಕ ಹಾಕ್ತೀನಿ. ಹಾಗಾಗಿ ನಿಮ್ಮ ಡಾಕ್ಟರಿಗೆ ಕೇಳಬೇಕಾದ್ದು "ಮೂಳೆ ಒಡೀತೀರಾ" ಅಂತಲ್ಲ, "ಉಬ್ಬು ತೆಗೆದ ಮೇಲೆ ಮಧ್ಯ ಭಾಗಕ್ಕೆ ಏನು ಆಧಾರ ಕೊಡ್ತೀರಿ, ನನ್ನ ಎಡ ಹೊಳ್ಳೆ ಉಸಿರು ಏನಾಗತ್ತೆ" ಅಂತ. ಮುಖ ಸಿಂಡರಿಸದೆ ಪೆನ್ ತಗೊಂಡು ಪೇಪರ್ ಮೇಲೆ ಚಿತ್ರ ಬರೆದು ತೋರಿಸಿದ್ರೆ ಅಲ್ಲೇ ಮಾಡಿಸ್ಕೊಳ್ಳಿ.

ಎಡ ಹೊಳ್ಳೆ ಕಟ್ಟೋದು ಒಳಗಿನ ನಡುಗೋಡೆ, ಅಂದ್ರೆ ಸೆಪ್ಟಮ್, ಬಾಗಿರೋದ್ರಿಂದ ಇರಬಹುದು, ಅಲರ್ಜಿಯಿಂದಾನೂ ಇರಬಹುದು, ಮುಂಬೈ ಧೂಳು ತೇವ ಎರಡೂ ಸೇರಿದ್ರೆ ಯಾರ ಮೂಗು ತಾನೇ ಸರಿ ಇರತ್ತೆ. ಎಂಡೋಸ್ಕೋಪಿ ಹಾಕಿ ನೋಡಿದ್ರೆ ಗೊತ್ತಾಗತ್ತೆ. ಸೆಪ್ಟಮ್ ಸೊಟ್ಟ ಇದ್ರೆ ಅದನ್ನ ಒಟ್ಟಿಗೇ ನೇರ ಮಾಡ್ಬೇಕು, ಮೇಲಿನ ಮೂಳೆ ಎಷ್ಟೇ ನೇರ ಕೂರಿಸಿದ್ರೂ ನಡುಗೋಡೆ ಸೊಟ್ಟ ಇದ್ರೆ ಮತ್ತೆ ಆ ಕಡೆ ಎಳಕೊಂಡು ಹೋಗತ್ತೆ. ಇನ್ಶೂರೆನ್ಸ್ ಚಂದಕ್ಕೆ ಮಾಡಿಸೋದಕ್ಕೆ ದುಡ್ಡು ಕೊಡಲ್ಲ, ಸೆಪ್ಟಮ್ ಪಾಲಿಗೆ ಕೊಡಬಹುದು, ಆದ್ರೆ ಮುಂಚೆ ಬರವಣಿಗೆಯಲ್ಲಿ ಕೇಳಿ ಇಟ್ಕೊಳ್ಳಿ.

ಮೂಳೆ ಕೂಡತ್ತಾ ಅಂದ್ರಲ್ಲ, ಕೂಡತ್ತೆ. ಆಪರೇಷನ್ ಮುಗಿದ ತಕ್ಷಣ ಮೂಗಿನ ಮೇಲೆ ಟೇಪ್ ಹಾಕಿ ಅದರ ಮೇಲೆ ಒಂದು ಸ್ಪ್ಲಿಂಟ್ ಕೂರಿಸ್ತೀವಿ. ಒಂದು ಬಿಳಿ ಪ್ಲಾಸ್ಟಿಕ್ ತುಂಡು, ಬಿಸಿನೀರಲ್ಲಿ ಅದ್ದಿದ್ರೆ ಗಾಜಿನ ಥರ ಪಾರದರ್ಶಕ ಆಗಿ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗತ್ತೆ, ಮೂಗಿನ ಮೇಲೆ ಒತ್ತಿ ಹಿಡಿದ್ರೆ ಎರಡು ನಿಮಿಷದಲ್ಲಿ ಮತ್ತೆ ಬೆಳ್ಳಗಾಗಿ ಗಟ್ಟಿಯಾಗತ್ತೆ. ಸುಮಾರು 7 ದಿನ ಅದು ಇರ್ಬೇಕು, ಒದ್ದೆ ಆಗಬಾರದು. ಮೂಳೆ ಗಟ್ಟಿ ಹಿಡಿಯೋಕೆ 4ರಿಂದ 6 ವಾರ. ತೆಗೆದ ಉಬ್ಬು ಮತ್ತೆ ಬೆಳೆಯಲ್ಲ. ಕೆಲವರಿಗೆ ಕೊಯ್ದ ಕಡೆ ಸಣ್ಣ ಗಂಟು ಕೈಗೆ ಸಿಗಬಹುದು, ಉಬ್ಬು ಇದ್ದ ಜಾಗದಲ್ಲಿ ಚರ್ಮ ಇಡೀ ಮೂಗಲ್ಲೇ ತೆಳು, ಹಾಗಾಗಿ ಅಲ್ಲಿ ಕೂದಲೆಳೆ ಏರುಪೇರು ಇದ್ರೂ ಬೆರಳು ಕಂಡುಹಿಡಿಯತ್ತೆ. ಎಲ್ಲ ಸರಿ ಮಾಡಿದ್ರೂ ಸ್ವಲ್ಪ ಜನಕ್ಕೆ ಎರಡನೇ ಸಲ ತಿದ್ದಬೇಕಾಗತ್ತೆ, ಹಾಗೆ ಆಗೋದೇ ಇಲ್ಲ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ಎದ್ದು ಬನ್ನಿ.

ಕಣ್ಣ ಸುತ್ತ ನೀಲಿ ಆಗೋದು ಮೂಳೆ ಕೊಯ್ದಾಗ ಜಿನುಗಿದ ರಕ್ತ ರೆಪ್ಪೆ ಕಡೆ ಇಳಿಯೋದ್ರಿಂದ, ಎರಡು ವಾರದೊಳಗೆ ಬಹುಪಾಲು ಹೋಗತ್ತೆ. ಎರಡು ದಿಂಬು ಇಟ್ಟು ತಲೆ ಮೇಲೆ ಮಾಡಿ ಮಲಗಿ, ಮೊದಲ ಎರಡು ದಿನ ಐಸ್ ಕಣ್ಣು ಕೆನ್ನೆ ಮೇಲೆ ಮಾತ್ರ, ಮೂಗಿನ ಮೇಲೆ ಅಲ್ಲ. ಮೂಗು ಸೀದೋದು ಎರಡು ವಾರ ಬಂದ್, ಸೀನು ಬಂದ್ರೆ ಬಾಯಿ ತೆರೆದು ಸೀನಿ. ಆಸ್ಪಿರಿನ್ ಬ್ರುಫೆನ್ ಥರದ ಮಾತ್ರೆ ಏನಾದ್ರೂ ತಗೋತಿದ್ರೆ ಮುಂಚೇನೇ ಹೇಳಿ, ತಾವಾಗೇ ನಿಲ್ಲಿಸ್ಬೇಡಿ, ತಾವಾಗೇ ಮುಂದುವರಿಸಲೂಬೇಡಿ.

ಕನ್ನಡಕ ನಿಜವಾದ ತೊಂದರೆ. ಅದರ ಭಾರ ಕೂರೋದು ಸರಿಯಾಗಿ ನಾವು ಸರಿಸಿದ ಮೂಳೆ ಮೇಲೆ. ಸ್ಪ್ಲಿಂಟ್ ಇರೋ ವಾರ ಅದರ ಮೇಲೇ ಇಟ್ಕೋಬಹುದು, ಆಮೇಲೆ 4ರಿಂದ 6 ವಾರ ಮೂಗಿನ ಮೇಲೆ ಕನ್ನಡಕ ಕೂರಬಾರದು. ಕಾಂಟ್ಯಾಕ್ಟ್ ಲೆನ್ಸ್ ಅಭ್ಯಾಸ ಈಗಲೇ ಮಾಡ್ಕೊಳ್ಳಿ, ಆಗಲ್ಲ ಅಂದ್ರೆ ಫ್ರೇಮಿನ ಮಧ್ಯಕ್ಕೆ ಟೇಪ್ ಹಾಕಿ ಹಣೆಗೆ ಅಂಟಿಸಿ ಮೂಗಿಗೆ ತಾಗದ ಹಾಗೆ ನೇತುಹಾಕೋದು, ನೋಡೋಕೆ ಕಾಮಿಡಿ, ಮನೇಲಿ ಯಾರು ನೋಡ್ತಾರೆ.

ಇನ್ನು ಡೊಂಬಿವಲಿ ಫಾಸ್ಟ್ ಲೋಕಲ್. ಇದಕ್ಕೆ ಯಾವ ಪುಸ್ತಕದಲ್ಲೂ ಚಾಪ್ಟರ್ ಇಲ್ಲ, ಆದ್ರೆ ನನ್ನ ಇಬ್ಬರು ಪೇಷಂಟುಗಳು ಮೊಣಕೈ ಏಟು ತಿಂದು ಮೂಗು ಹಿಡ್ಕೊಂಡು ವಾಪಸ್ ಬಂದಿದ್ದು ಲೇಡೀಸ್ ಡಬ್ಬಿಯಿಂದಾನೇ. ಹತ್ತು ದಿನಕ್ಕೆ ಆಫೀಸಿಗೆ ಹೋಗೋ ಹಾಗಾಗ್ತೀರಿ, ಆದ್ರೆ ರಶ್ ಅವರ್ ಲೋಕಲ್ ಆರು ವಾರ ಬೇಡ. ವರ್ಕ್ ಫ್ರಮ್ ಹೋಮ್ ಕೇಳಿ ನೋಡಿ, ಇಲ್ಲಾಂದ್ರೆ ಗುಂಪಿಲ್ಲದ ಹೊತ್ತಲ್ಲಿ ಹೋಗಿ ಬನ್ನಿ. ಸ್ಕೂಟಿ ಓಡಿಸೋದಾದ್ರೆ ಫುಲ್ ಫೇಸ್ ಹೆಲ್ಮೆಟ್ ಹಾಕಿ ತೆಗೆಯೋವಾಗಲೂ ಮೂಗು ಉಜ್ಜತ್ತೆ, ಅದೂ ಅಷ್ಟು ದಿನ ರಜೆ.

ಮದುವೆ ಲೆಕ್ಕ ಹಾಕೋಣ. ಊತ ಮೂರು ತಿಂಗಳಲ್ಲಿ ಬಹುಪಾಲು ಇಳಿಯತ್ತೆ, ತುದಿಯ ಊತ ಮಾತ್ರ ಒಂದು ವರ್ಷದವರೆಗೂ ಇಳೀತಾ ಇರತ್ತೆ. ಆಗಸ್ಟಲ್ಲಿ ಮಾಡಿಸಿದ್ರೆ ಡಿಸೆಂಬರ್ ಕೊನೆಗೆ ನಾಲ್ಕು ತಿಂಗಳು, ಸಾಕು. ಗಣಪತಿ ಮುಗೀಲಿ, ದಸರಾ ಮುಗೀಲಿ ಅಂತ ಅಕ್ಟೋಬರ್ ಕೊನೆಗೆ ತಳ್ಳಿದ್ರೆ ಎರಡೇ ತಿಂಗಳು, ಅಷ್ಟು ಅರ್ಜೆಂಟಲ್ಲಿ ಬೇಡ, ಮದುವೆ ಮುಗಿಸ್ಕೊಂಡೇ ಬನ್ನಿ, ಮೂಗು ಎಲ್ಲಿಗೂ ಹೋಗಲ್ಲ. ಆಗಸ್ಟಲ್ಲಿ ಮಳೆ ಇರತ್ತೆ, ಸೆಕೆಗೆ ಬೆವರು ಬಂದು ಟೇಪ್ ಬಿಟ್ಟುಹೋಗೋದು ಇಲ್ಲಿ ದೊಡ್ಡ ಕಿರಿಕಿರಿ, ಆ ವಾರ ಫ್ಯಾನ್ ಕೆಳಗೇ ಇರಿ. ಮೂಗುಬಟ್ಟು ಆಪರೇಷನ್ ಮುಂಚೆ ತೆಗೀಬೇಕು, ಅಜ್ಜಿ ಏನೇ ಅಂದ್ರೂ ತೆಗೀಬೇಕು. ಮದುವೆಗೆ ಮರಾಠಿ ಗೆಳತಿಯರು ದೊಡ್ಡ ಮುತ್ತಿನ ನತ್ತು ತರ್ತಾರೆ, ಆ ಹೊತ್ತಿಗೆ ಹಾಕ್ಕೋಬಹುದು, ಮೂಗಿಗಿಂತ ಮೂಗುತಿ ಭಾರ ಆಗದಿದ್ರೆ ಸರಿ. ಮೇಕಪ್ ಮಾಡೋರಿಗೆ ಮೂಗಿನ ಬೆನ್ನು ಒತ್ತಿ ತಿಕ್ಕಬೇಡಿ ಅಂತ ಮೊದಲೇ ಹೇಳಿಡಿ.

ಸ್ಪ್ಲಿಂಟ್ ತೆಗೆಯೋ ದಿನ ಅಮ್ಮನನ್ನ ಕರ್ಕೊಂಡು ಹೋಗಿ. ಆದ್ರೆ ಅವತ್ತೇ ಸೆಲ್ಫಿ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ, ಅವತ್ತು ಮೂಗು ಊದಿ ಅಗಲ ಕಾಣತ್ತೆ, ತುದಿ ಮೇಲಕ್ಕೆ ಎತ್ತಿದ ಹಾಗಿರತ್ತೆ, ಊರಿಂದ ಯಾರಾದ್ರೂ ಚಿಕ್ಕಮ್ಮ ಫೋನ್ ಮಾಡಿ "ಅಯ್ಯೋ ಮೊದಲಿದ್ದದ್ದೇ ಚೆನ್ನಾಗಿತ್ತಲ್ಲೇ" ಅಂತ ಅಂದೇ ಅಂತಾರೆ.